ತಾಯಿಗೂ ಮಗಳಿಗೂ ಒಬ್ಬನೇ ಗಂಡನೇ? ಪ್ಯಾಟಿ ಸೆಷನ್ಸ್ ವಂಶವೃಕ್ಷವನ್ನು ಓದುವ ಬಗೆ

ಪ್ರಶ್ನೆ: ನಾವು ಕೆಲಸದ ಮೇಲೆ ಅಮೆರಿಕದ ಯೂಟಾಕ್ಕೆ ಬಂದು ನೆಲೆಸಿದ್ದೇವೆ. ಪಕ್ಕದ ಮನೆಯ ಹಿರಿಯ ಮಹಿಳೆ ಮಾರ್ಮನ್ ಎಂಬ ಕ್ರೈಸ್ತ ಪಂಥದ ಹಳೆಯ ಮನೆತನದವರು. ತಾವು ಪ್ಯಾಟಿ ಸೆಷನ್ಸ್ ಎಂಬ ಸೂಲಗಿತ್ತಿಯ ವಂಶದವರು, ಆ ಅಜ್ಜಿ 1847ರಲ್ಲಿ ಎತ್ತಿನ ಗಾಡಿ ಹೊಡೆದುಕೊಂಡು ಇಲ್ಲಿಗೆ ಬಂದವರು ಎಂದು ಹೆಮ್ಮೆಯಿಂದ ಹೇಳುತ್ತಾರೆ. ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ಜಾಲತಾಣದಲ್ಲಿ ವಂಶವೃಕ್ಷ ನೋಡಲು ನನ್ನ ಸಹಾಯ ಕೇಳಿದರು. ತೆರೆದು ನೋಡಿದರೆ ಪ್ಯಾಟಿಗೆ ಮೂವರು ಗಂಡಂದಿರು. ಮೊದಲನೆಯವರು ಬದುಕಿರುವಾಗಲೇ ಎರಡನೆಯವರ ಹೆಸರಿದೆ. ಆ ಎರಡನೆಯವರ ಹೆಸರೇ ಪ್ಯಾಟಿಯ ಮಗಳಿಗೂ ಗಂಡ ಎಂದು ಇದೆ! ಯಾರೋ ತಪ್ಪು ತುಂಬಿಸಿದ್ದಾರೆ ಅಲ್ವಾ? ನಾನು ತಿದ್ದಬಹುದೇ?

ಉತ್ತರ: ದಯವಿಟ್ಟು ತಿದ್ದಬೇಡಿ. ಅದು ತಪ್ಪಲ್ಲ. ನೀವು ನೋಡಿದ ಮೂರು ಹೆಸರಿಗೂ ದಾಖಲೆ ಇದೆ: ಡೇವಿಡ್ ಸೆಷನ್ಸ್, ಜೋಸೆಫ್ ಸ್ಮಿತ್, ಜಾನ್ ಪ್ಯಾರಿ. ಆದರೆ ಮೂರೂ ಒಂದೇ ಬಗೆಯ ಸಂಬಂಧವಲ್ಲ. ಪರದೆಯ ಮೇಲೆ ಮೂರಕ್ಕೂ ಒಂದೇ ತರಹದ ಗೆರೆ ಎಳೆದಿರುತ್ತಾರೆ. ನಿಮ್ಮ ಗೊಂದಲ ಶುರುವಾಗಿದ್ದು ಅಲ್ಲಿಂದ.

ಇದನ್ನು ಬಿಡಿಸಲು ಗಂಡಂದಿರ ಹೆಸರಿನಿಂದ ಹೊರಡಬೇಡಿ. ಪ್ಯಾಟಿ ತಾನೇ ಬರೆದಿಟ್ಟದ್ದರಿಂದ ಹೊರಡಿ. ಆ ಕಾಲದ ಹೆಚ್ಚಿನ ಹೆಂಗಸರ ವಿಷಯದಲ್ಲಿ ನಮಗೆ ಸಿಗುವುದು ಇನ್ನೊಬ್ಬರು ಬರೆದ ಒಂದೆರಡು ಸಾಲು ಮಾತ್ರ. ಪ್ಯಾಟಿ ಹಾಗಲ್ಲ. 1846ರಿಂದ 1888ರವರೆಗೆ, ನಡುನಡುವೆ ಬಿಟ್ಟುಹೋದರೂ, ದಿನಚರಿ ಬರೆದವಳು. ಮೂಲ ಪ್ರತಿ ಸಾಲ್ಟ್ ಲೇಕ್ ಸಿಟಿಯಲ್ಲಿ ಮಾರ್ಮನ್ ಚರ್ಚ್‌ನ ಇತಿಹಾಸ ಗ್ರಂಥಾಲಯದಲ್ಲಿದೆ. 1997ರಲ್ಲಿ ಪುಸ್ತಕವಾಗಿ ಅಚ್ಚೂ ಆಗಿದೆ. ನಿಮ್ಮ ನೆರೆಯವರು ಈ ವಿಷಯದಲ್ಲಿ ಪುಣ್ಯವಂತರು.

ಮೊದಲು ಮನೆತನ. ಪ್ಯಾಟಿ ಬಾರ್ಟ್ಲೆಟ್ ಹುಟ್ಟಿದ್ದು 1795ರ ಫೆಬ್ರವರಿ 4ರಂದು, ಅಮೆರಿಕದ ಈಶಾನ್ಯ ಮೂಲೆಯ ಬೆತೆಲ್ ಎಂಬ ಊರಿನಲ್ಲಿ. ತಂದೆ ಈನಕ್ ಬಾರ್ಟ್ಲೆಟ್, ತಾಯಿ ಆನಾ ಹಾಲ್. ಆನಾ ಈನಕ್‌ನ ಎರಡನೆಯ ಹೆಂಡತಿ. ಹಾಗಾಗಿ ಪ್ಯಾಟಿಗೆ ಮಲ ಅಣ್ಣ-ಅಕ್ಕಂದಿರ ದೊಡ್ಡ ಗುಂಪೇ ಇತ್ತು. ಹುಡುಕುವಾಗ ಒಂದು ವಿಷಯ ನೆನಪಿರಲಿ. ಬೆತೆಲ್ ಈಗ ಮೇನ್ ರಾಜ್ಯದಲ್ಲಿದೆ. ಆದರೆ 1820ರವರೆಗೆ ಮೇನ್ ಪ್ರತ್ಯೇಕ ರಾಜ್ಯವಾಗಿರಲಿಲ್ಲ, ಮ್ಯಾಸಚೂಸೆಟ್ಸ್‌ನ ಭಾಗವಾಗಿತ್ತು. ಒಂದು ಕಡೆ ಮೇನ್, ಇನ್ನೊಂದು ಕಡೆ ಮ್ಯಾಸಚೂಸೆಟ್ಸ್ ಎಂದು ಕಂಡರೆ ಇಬ್ಬರು ಬೇರೆ ಬೇರೆ ಪ್ಯಾಟಿಯರು ಎಂದುಕೊಳ್ಳಬೇಡಿ.

1812ರ ಜೂನ್ 28ರಂದು, 17ನೇ ವಯಸ್ಸಿನಲ್ಲಿ, ಡೇವಿಡ್ ಸೆಷನ್ಸ್ ಜೊತೆ ಮದುವೆ. ಇದು ಊರಿನವರೆಲ್ಲ ಕಂಡ ಮಾಮೂಲಿ ಮದುವೆ. ಸೂಲಗಿತ್ತಿ ಕೆಲಸ ಬಂದದ್ದು ಅತ್ತೆಯಿಂದ. ಅತ್ತೆ ರೇಚಲ್ ಆ ಭಾಗದ ಸೂಲಗಿತ್ತಿ. ಕೀಲುನೋವಿನಿಂದ ನಡೆಯುವುದು ಕಷ್ಟವಾಗಿತ್ತು. ಒಮ್ಮೆ ತುರ್ತಾಗಿ ಕರೆ ಬಂದಾಗ ಸೊಸೆ ಮುಂದೆ ಓಡಿದಳು. ಅತ್ತೆ ತಲುಪುವ ಮೊದಲೇ ಹೆರಿಗೆ ಆಗಿಹೋಗಿತ್ತು. ಅಲ್ಲಿಂದ ಮುಂದೆ ಪ್ಯಾಟಿ ಹಿಡಿದ ಮಕ್ಕಳ ಲೆಕ್ಕ 3,977 ಎಂದು ಪ್ರಸಿದ್ಧ.

ಇಷ್ಟೊಂದು ಮಕ್ಕಳನ್ನು ಭೂಮಿಗೆ ತಂದವಳ ಸ್ವಂತ ಮನೆಯಲ್ಲಿ ಏನಾಯಿತು ನೋಡಿ. ಹುಟ್ಟಿದ್ದು ಎಂಟು. ದೊಡ್ಡವರಾಗಿ ಬಾಳಿದ್ದು ಮೂರು: 1814ರ ಪೆರಿಗ್ರಿನ್, 1818ರ ಸಿಲ್ವಿಯಾ, 1823ರ ಡೇವಿಡ್. ಆನಾ ಎಂಬ ಮಗಳು ತೀರಿಕೊಂಡಳು. ಆಮೇಲೆ ಹುಟ್ಟಿದ ಮಗಳಿಗೆ ಅದೇ ಹೆಸರಿಟ್ಟರು. ಅವಳೂ ಉಳಿಯಲಿಲ್ಲ. ಸತ್ತ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡುವುದು ಆ ಕಾಲದಲ್ಲಿ ಅಲ್ಲಿ ರೂಢಿ. ಫ್ಯಾಮಿಲಿಸರ್ಚ್‌ನಲ್ಲಿ ಎರಡು ಆನಾ ಕಂಡರೆ ಒಂದೇ ಹೆಸರು ಎರಡು ಸಲ ಬಂದಿದೆ ಎಂದು ಸುಮ್ನೆ ಸೇರಿಸಿಬಿಡುವವರಿದ್ದಾರೆ. ಹಾಗೆ ಮಾಡಿದರೆ ಒಂದು ಮಗು ದಾಖಲೆಯಿಂದಲೇ ಅಳಿಸಿಹೋಗುತ್ತದೆ. ಇಬ್ಬರೂ ಇರಬೇಕು.

ಮಾರ್ಮನ್ ಪಂಥ ಶುರುವಾದದ್ದು 1830ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ, ಜೋಸೆಫ್ ಸ್ಮಿತ್ ಎಂಬ ತರುಣನಿಂದ. ಅನುಯಾಯಿಗಳು ಆತನನ್ನು ಪ್ರವಾದಿ ಎಂದು ನಂಬಿದರು. 1834ರಲ್ಲಿ ಪ್ಯಾಟಿ ದೀಕ್ಷೆ ಪಡೆದಳು. ಗಮನಿಸಿ, ಗಂಡನಿಗಿಂತ ಮೊದಲು. ಡೇವಿಡ್ ಸೇರಿದ್ದು ಮರುವರ್ಷ. 1837ರಲ್ಲಿ ಕುಟುಂಬ ಮೇನ್ ಬಿಟ್ಟು ಮಿಸೌರಿಗೆ ಹೋಯಿತು. ಅಲ್ಲಿ ಮಾರ್ಮನ್ನರನ್ನು 1838-39ರ ಚಳಿಗಾಲದಲ್ಲಿ ಹೊಡೆದೋಡಿಸಿದರು. ಕೊನೆಗೆ ನೆಲೆ ಸಿಕ್ಕಿದ್ದು ಇಲಿನಾಯ್‌ನ ನಾವೂ ಎಂಬ ಊರಿನಲ್ಲಿ. ಎಂಟನೆಯ ಮಗು ಅಮಾಂಡಾ 1841ರಲ್ಲಿ ತೀರಿಕೊಂಡದ್ದು ಅಲ್ಲೇ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಮಾರ್ಮನ್ನರಲ್ಲಿ ಸೀಲಿಂಗ್ ಎಂಬ ವಿಧಿ ಇದೆ. ಗಂಡ-ಹೆಂಡತಿ, ತಂದೆ-ತಾಯಿ-ಮಕ್ಕಳು ಸಾವಿನ ನಂತರವೂ ಒಂದೇ ಕುಟುಂಬವಾಗಿ ಉಳಿಯುವಂತೆ ಬೆಸೆಯುವ ವಿಧಿ ಅದು. ನಾವೂದಲ್ಲಿ ಜೋಸೆಫ್ ಸ್ಮಿತ್ ಇದನ್ನು ಗುಟ್ಟಾಗಿ, ನಂಬಿಕಸ್ಥರ ನಡುವೆ ಮಾತ್ರ ಶುರು ಮಾಡಿದ. ಕೆಲವು ಸೀಲಿಂಗ್ ಈ ಲೋಕಕ್ಕೂ ಪರಲೋಕಕ್ಕೂ ಸೇರಿ, ಕೆಲವು ಪರಲೋಕಕ್ಕೆ ಮಾತ್ರ, ಕೆಲವು ಈ ಬದುಕಿಗೆ ಮಾತ್ರ. ಆಗಲೇ ಮದುವೆಯಾಗಿದ್ದ ಹಲವು ಹೆಂಗಸರು ಕೂಡ ಆತನಿಗೆ ಸೀಲ್ ಆದರು. ಇದನ್ನು ಚರ್ಚೇ 2014ರಲ್ಲಿ ಪ್ರಕಟಿಸಿದ ಬರಹದಲ್ಲಿ ಒಪ್ಪಿಕೊಂಡಿದೆ. ಹಾಗಾಗಿ ನೆರೆಯವರ ಮುಂದೆ ಈ ಮಾತು ಎತ್ತಲು ನೀವು ಜಾಸ್ತಿ ಸಂಕೋಚ ಪಡಬೇಕಿಲ್ಲ. ಅವರಿಗೆ ಗೊತ್ತಿರುವ ಸಾಧ್ಯತೆಯೇ ಹೆಚ್ಚು.

ಪ್ಯಾಟಿ ಇದರ ಬಗ್ಗೆ ತಾನೇ ಬರೆದಿದ್ದಾಳೆ. 1842ರ ಮಾರ್ಚ್ 9ರಂದು, ನ್ಯೂವೆಲ್ ವಿಟ್ನಿಯ ಮನೆಯ ಕೋಣೆಯಲ್ಲಿ, ವಿಲ್ಲರ್ಡ್ ರಿಚರ್ಡ್ಸ್ ತನ್ನನ್ನು ಜೋಸೆಫ್ ಸ್ಮಿತ್‌ಗೆ ಸೀಲ್ ಮಾಡಿದ, ಮಗಳು ಸಿಲ್ವಿಯಾ ಅಲ್ಲಿ ಹಾಜರಿದ್ದಳು ಎಂದು. ದಿನ, ಜಾಗ, ನಡೆಸಿಕೊಟ್ಟವನು, ಸಾಕ್ಷಿ ಎಲ್ಲವೂ ಇದೆ. ಗುಟ್ಟಾಗಿ ನಡೆದ ಒಂದು ವಿಧಿಗೆ ಇಷ್ಟು ಅಚ್ಚುಕಟ್ಟಾದ ಟಿಪ್ಪಣಿ ಸಿಗುವುದು ಅಪರೂಪ. ಆದರೂ ಒಂದು ಎಚ್ಚರಿಕೆ. ದಿನಚರಿ ಶುರುವಾದದ್ದೇ 1846ರಲ್ಲಿ. ಅಂದರೆ ಈ ಸಾಲು ಅದೇ ದಿನ ಬರೆದದ್ದಲ್ಲ, ಆಮೇಲೆ ನೆನಪಿನಿಂದ ಬರೆದದ್ದು. ಅದೇ ಟಿಪ್ಪಣಿಯಲ್ಲಿ ಮುಂದೆ, ಡೇವಿಡ್ ಸತ್ತ ಮೇಲೆ 1852ರ ಮಾರ್ಚ್ 27ರಂದು ಜಾನ್ ಪ್ಯಾರಿಗೆ ಈ ಬದುಕಿನ ಮಟ್ಟಿಗೆ ಸೀಲ್ ಆದೆ ಎಂದೂ ಬರೆದಿದ್ದಾಳೆ.

ಮೂರು ಗೆರೆಗಳ ಅರ್ಥ ಈಗ ತಿಳಿಯಿತಲ್ಲ. ಡೇವಿಡ್ ಜೊತೆ 38 ವರ್ಷ ಸಂಸಾರ ಮಾಡಿದಳು, ಮಕ್ಕಳೆಲ್ಲ ಅವನವೇ. ಜೋಸೆಫ್ ಜೊತೆಗಿನದು ಗುಟ್ಟಾಗಿ ನಡೆದ ಸೀಲಿಂಗ್. ಸೀಲ್ ಆದ ಮೇಲೂ ಆಕೆ ಇದ್ದದ್ದು ಡೇವಿಡ್ ಮನೆಯಲ್ಲೇ. ಆಗ ಆಕೆಗೆ 47 ವರ್ಷ, ಆಮೇಲೆ ಮಕ್ಕಳಾಗಲಿಲ್ಲ. ಪ್ಯಾರಿ ವಿಧವೆಯಾದ ಮೇಲೆ ಕೈಹಿಡಿದವನು. ಹಾಗಾಗಿ ಪ್ಯಾಟಿಯ ವಂಶದವರು ಯಾರೇ ಇರಲಿ, ಅವರ ರಕ್ತಸಂಬಂಧ ಡೇವಿಡ್ ಸೆಷನ್ಸ್ ಕಡೆಗೇ ಹೋಗಬೇಕು.

ಮಗಳ ವಿಷಯ ಇಷ್ಟು ಸುಲಭವಲ್ಲ. ಇಲ್ಲಿ ಸ್ವಲ್ಪ ನಿಂತು ನೋಡೋಣ. ಮನೆಯವರ ಮಾತನ್ನು ಎಷ್ಟು ನಂಬಬೇಕು ಎಂಬುದಕ್ಕೆ ಇಷ್ಟು ಒಳ್ಳೆಯ ಉದಾಹರಣೆ ಬೇರೆ ಸಿಗುವುದು ಕಷ್ಟ.

ಸಿಲ್ವಿಯಾಳ ಗಂಡ ವಿಂಡ್ಸರ್ ಲಯನ್, ನಾವೂದಲ್ಲಿ ಔಷಧಿ ಅಂಗಡಿ ಇಟ್ಟಿದ್ದವನು. 1842ರ ನವೆಂಬರ್‌ನಲ್ಲಿ ಅವನನ್ನು ಚರ್ಚ್‌ನಿಂದ ಹೊರಹಾಕಿದರು. 1844ರ ಫೆಬ್ರವರಿಯಲ್ಲಿ ಮಗಳು ಜೋಸೆಫಿನ್ ಹುಟ್ಟಿದಳು. ಅದೇ ಜೂನ್ 27ರಂದು ಜೋಸೆಫ್ ಸ್ಮಿತ್‌ನನ್ನು ಕಾರ್ತೇಜ್ ಜೈಲಿನಲ್ಲಿ ಗುಂಪೊಂದು ಕೊಂದುಹಾಕಿತು. 1869ರಲ್ಲಿ ಜೋಸೆಫ್‌ನ ಅಣ್ಣ ಹೈರಮ್‌ನ ಮಗ ಜೋಸೆಫ್ ಎಫ್. ಸ್ಮಿತ್, ತನ್ನ ಚಿಕ್ಕಪ್ಪನಿಗೆ ಸೀಲ್ ಆಗಿದ್ದ ಹೆಂಗಸರ ಪ್ರಮಾಣಪತ್ರಗಳನ್ನು ಸಂಗ್ರಹಿಸಿದ. ಆ ಕಟ್ಟಿನಲ್ಲಿ ಸಿಲ್ವಿಯಾ ಹೆಸರಿನ ಪತ್ರವೂ ಇದೆ. ಆದರೆ ಸಹಿ ಇಲ್ಲ. ಆ ಖಾಲಿ ಜಾಗ ನೋಡಿದಾಗಲೆಲ್ಲ ಇತಿಹಾಸಕಾರರು ಚರ್ಚೆಗೆ ಇಳಿಯುತ್ತಾರೆ. ಸೀಲಿಂಗ್ ನಡೆದದ್ದು 1842ರಲ್ಲೋ 1843ರಲ್ಲೋ ಎಂಬ ವಾದ ಇನ್ನೂ ಮುಗಿದಿಲ್ಲ.

1882ರಲ್ಲಿ ಸಾಯುವ ಮುನ್ನ ಸಿಲ್ವಿಯಾ ಮಗಳನ್ನು ಹಾಸಿಗೆ ಪಕ್ಕ ಕರೆದು, ನೀನು ಜೋಸೆಫ್ ಸ್ಮಿತ್‌ನ ಮಗಳು ಎಂದಳು. ಲಯನ್ ಚರ್ಚ್‌ನಿಂದ ಹೊರಗಿದ್ದ ಕಾಲದಲ್ಲಿ ತಾನು ಪ್ರವಾದಿಗೆ ಸೀಲ್ ಆಗಿದ್ದೆ ಎಂಬುದು ಅವಳ ಮಾತು. ಜೋಸೆಫಿನ್ ಇದನ್ನು 1915ರಲ್ಲಿ ಬರೆದು ಸಹಿ ಹಾಕಿದಳು. ತಾಯಿ ಸಾಯುವಾಗ ಹೇಳಿದ ಮಾತು, ಮಗಳ ಸಹಿ. ಯಾರಾದರೂ ನಂಬುತ್ತಾರೆ ಅಲ್ವಾ? ಬಹಳ ಜನ ನಂಬಿದರು. ಜೋಸೆಫ್ ಸ್ಮಿತ್‌ಗೆ ಬೇರೆ ಹೆಂಡತಿಯರಿಂದ ಮಕ್ಕಳಾಗಿದ್ದರೇ ಎಂಬ ಪ್ರಶ್ನೆ ಬಂದಾಗಲೆಲ್ಲ ಜೋಸೆಫಿನ್ ಹೆಸರೇ ಮೊದಲು ಬರುತ್ತಿತ್ತು.

ಡಿಎನ್‌ಎ ಪರೀಕ್ಷೆ ಇದಕ್ಕೆ ಉತ್ತರ ಕೊಟ್ಟಿತು. ಸುಲಭವಾಗಿ ಅಲ್ಲ. ತಂದೆಯಿಂದ ಮಗನಿಗೆ ಮಾತ್ರ ಇಳಿಯುವ ವೈ ಕ್ರೋಮೋಸೋಮ್ ಪರೀಕ್ಷೆ ಗಂಡುಮಕ್ಕಳ ಸಾಲಿಗೆ ಮಾತ್ರ ಸಾಧ್ಯ. ಜೋಸೆಫಿನ್ ಹೆಣ್ಣು. ಹಾಗಾಗಿ ತಂದೆ-ತಾಯಿ ಇಬ್ಬರಿಂದಲೂ ಬರುವ ಉಳಿದ ಡಿಎನ್‌ಎಯನ್ನು ಹಲವು ವಂಶಸ್ಥರಲ್ಲಿ ಹೋಲಿಸಬೇಕಾಯಿತು. ಮೇಲಿಂದ, ಹಳೆಯ ಮಾರ್ಮನ್ ಮನೆತನಗಳು ತಮ್ಮತಮ್ಮಲ್ಲೇ ಹೆಣ್ಣು ಕೊಟ್ಟು ತಂದವು. ಯಾರಿಗೆ ಯಾರ ಕಡೆಯಿಂದ ಯಾವ ತುಣುಕು ಬಂತು ಎಂದು ಬೇರ್ಪಡಿಸುವುದು ತಲೆನೋವಿನ ಕೆಲಸ. ವಂಶವಾಹಿ ತಜ್ಞ ಉಗೊ ಪೆರೆಗೊ ವರ್ಷಗಟ್ಟಲೆ ಇದರ ಹಿಂದೆ ಬಿದ್ದು, 2016ರಲ್ಲಿ ಫಲಿತಾಂಶ ಹೇಳಿದರು. ಜೋಸೆಫಿನ್‌ಳ ತಂದೆ ವಿಂಡ್ಸರ್ ಲಯನ್.

ಹಾಗಾದರೆ ಸಿಲ್ವಿಯಾ ಸುಳ್ಳು ಹೇಳಿದಳೇ? ನನಗೆ ಹಾಗನ್ನಿಸುವುದಿಲ್ಲ. ಸೀಲಿಂಗ್ ಪ್ರಕಾರ ಆಕೆ ಪರಲೋಕದಲ್ಲಿ ಜೋಸೆಫ್‌ನ ಕುಟುಂಬ. ಹೆತ್ತ ಮಗಳೂ ಆ ಕುಟುಂಬಕ್ಕೇ ಸೇರುತ್ತಾಳೆ. ಆ ಅರ್ಥದಲ್ಲಿ ಹೇಳಿರಬಹುದು. ಆಕೆ ಹಾಗೇ ನಂಬಿದ್ದಳು ಎಂದೂ ಇರಬಹುದು. ಪರೀಕ್ಷೆ ಹೇಳುವುದು ರಕ್ತದ ವಿಷಯ ಮಾತ್ರ. ಸೀಲಿಂಗ್ ನಡೆಯಲೇ ಇಲ್ಲ ಎಂದು ಅದು ಹೇಳುವುದಿಲ್ಲ. ನೀವು ನೋಡಿದ ವಂಶವೃಕ್ಷದಲ್ಲಿ ಸಿಲ್ವಿಯಾ ಹೆಸರಿನ ಪಕ್ಕ ಜೋಸೆಫ್ ಇರುವುದು ಸರಿ. ಜೋಸೆಫಿನ್ ಹೆಸರಿನ ಮೇಲೆ ತಂದೆಯಾಗಿ ವಿಂಡ್ಸರ್ ಇರಬೇಕು.

ಇಷ್ಟು ಹೇಳಿದ ಮೇಲೆ ದಿನಚರಿಯನ್ನು ಬರೀ ಗಂಡಂದಿರ ಲೆಕ್ಕಕ್ಕೆ ಓದಿ ಮುಚ್ಚಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಆ ಪುಸ್ತಕ ಕೊಟ್ಟದ್ದೇ ಮಗಳು. 1846ರ ಫೆಬ್ರವರಿ 10ರಂದು ಸಿಲ್ವಿಯಾ ಇದನ್ನು ಕೊಟ್ಟಳು ಎಂದು ಮೊದಲಲ್ಲೇ ಬರೆದಿದೆ. ಎರಡು ದಿನಕ್ಕೆ ಪ್ಯಾಟಿ, ಡೇವಿಡ್ ಪಶ್ಚಿಮಕ್ಕೆ ಹೊರಟ ಮಾರ್ಮನ್ನರೊಂದಿಗೆ ನಾವೂ ಊರು ಬಿಟ್ಟರು. ಸಿಲ್ವಿಯಾ ಗಂಡನೊಂದಿಗೆ ಅಲ್ಲೇ ಉಳಿದಳು. ಹೊರಡುವ ಸಿದ್ಧತೆಯ ನಡುವೆಯೂ ಪ್ಯಾಟಿ ಹೆರಿಗೆ ಮಾಡಿಸಿದ್ದಾಳೆ. ದಾರಿಯುದ್ದಕ್ಕೂ ಹಾಗೇ. ಮಳೆ, ಕೆಸರು, ಗಾಡಿ, ಡೇರೆ, ನಡುವೆ ಇಂಥವಳಿಗೆ ಗಂಡು, ಇಂಥವಳಿಗೆ ಹೆಣ್ಣು.

ಆ ವರ್ಷ ಆಕೆಗೆ ಮನೆಯೊಳಗೂ ನೆಮ್ಮದಿ ಇರಲಿಲ್ಲ. ಡೇವಿಡ್ 1845ರಲ್ಲಿ ರೊಸಿಲಾ ಕೊವೆನ್ ಎಂಬವಳನ್ನು ಎರಡನೆಯ ಹೆಂಡತಿಯಾಗಿ ತಂದಿದ್ದ. ಮಿಸೌರಿ ನದಿ ದಡದ ವಿಂಟರ್ ಕ್ವಾರ್ಟರ್ಸ್ ಬಿಡಾರದಲ್ಲಿ, ಕೊರೆಯುವ ಚಳಿಯಲ್ಲಿ, ರೊಸಿಲಾ ಕೆಲಸಕ್ಕೆ ಕೈ ಹಾಕುವುದಿಲ್ಲ, ಗಂಡ ತನಗೆ ಕಟುವಾಗಿ ಮಾತಾಡುತ್ತಾನೆ ಎಂದು ಪ್ಯಾಟಿ ನೊಂದು ಬರೆಯುತ್ತಾಳೆ. 1846ರ ಕೊನೆಯಲ್ಲಿ ರೊಸಿಲಾ ನಾವೂಗೆ ವಾಪಸ್ ಹೋದಳು. ತಾನು ಇನ್ನೊಬ್ಬರಿಗೆ ಸೀಲ್ ಆಗಿದ್ದವಳಿಗೆ ಸವತಿ ಬಂದರೆ ಯಾಕಿಷ್ಟು ನೋವು ಎಂದು ಕೆಲವರು ಕೇಳುತ್ತಾರೆ. ನನಗೆ ಅದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಪರಲೋಕದ ಲೆಕ್ಕ ಏನೇ ಇರಲಿ, ಒಲೆ ಹಚ್ಚಿ ಸಂಸಾರ ಮಾಡಿದ್ದು ಡೇವಿಡ್ ಜೊತೆಗೆ. ರೊಸಿಲಾ ಕಡೆಯ ಮಾತು ಮಾತ್ರ ನಮಗೆ ಸಿಕ್ಕಿಲ್ಲ ಎಂಬುದೂ ನೆನಪಿರಲಿ. ದಿನಚರಿ ಬರೆದವರ ಪಕ್ಷವೇ ಕಾಗದದಲ್ಲಿ ಗೆಲ್ಲುವುದು.

1847ರ ಬೇಸಿಗೆಯಲ್ಲಿ ಮುಂದಿನ ಪಯಣ, ಸುಮಾರು 1,650 ಕಿಲೋಮೀಟರ್. ಪ್ಯಾಟಿಗೆ 52 ವರ್ಷ. ನಾಲ್ಕು ಎತ್ತಿನ ಗಾಡಿಯನ್ನು ತಾನೇ ಹೊಡೆದಳು. ನಿಮ್ಮ ನೆರೆಯವರ ಹೆಮ್ಮೆಗೆ ಇಲ್ಲಿ ದಾಖಲೆ ಇದೆ. ಸೆಪ್ಟೆಂಬರ್ 24ರಂದು ಸಾಲ್ಟ್ ಲೇಕ್ ಕಣಿವೆ ತಲುಪಿದಳು. ಎರಡೇ ದಿನಕ್ಕೆ, 26ರಂದು, ಹ್ಯಾರಿಯೆಟ್ ಯಂಗ್‌ಳ ಹೆರಿಗೆ. ಈ ಕಣಿವೆಯಲ್ಲಿ ಹುಟ್ಟಿದ ಮೊದಲ ಗಂಡುಮಗು, ಅದನ್ನು ನನ್ನ ಕೈಗಳೇ ಮೊದಲು ಹಿಡಿಯುತ್ತವೆ ಎಂದು ಐದು ತಿಂಗಳ ಹಿಂದೆಯೇ ಯಾರೋ ನುಡಿದಿದ್ದರು ಎಂದು ಬರೆದುಕೊಂಡಿದ್ದಾಳೆ.

ಈ ಸಾಲುಗಳಿಂದ ಬೇರೆ ಮನೆತನಗಳಿಗೂ ದೊಡ್ಡ ಉಪಕಾರ ಆಗಿದೆ. ಯೂಟಾದಲ್ಲಿ ರಾಜ್ಯಕ್ಕೆಲ್ಲ ಅನ್ವಯಿಸುವ ಜನನ ನೋಂದಣಿ ಬಂದದ್ದು 1905ರಲ್ಲಿ. ಅದಕ್ಕೆ ಮೊದಲು ಹುಟ್ಟಿದವರ ತಾರೀಕಿಗೆ ಮನೆಯ ಬೈಬಲ್, ಚರ್ಚ್ ಪುಸ್ತಕ, ಇಲ್ಲವೇ ಸೂಲಗಿತ್ತಿಯ ಪುಸ್ತಕವೇ ಗತಿ. ಪ್ಯಾಟಿ ಬರೆದ ಒಂದೊಂದು ಹೆರಿಗೆಯೂ ಯಾರದೋ ಮನೆಯ ಜನನ ಪ್ರಮಾಣಪತ್ರ. ಮದುವೆಯ ವಿಷಯವೂ ಹೀಗೇ. 1887ರ ಕೇಂದ್ರ ಕಾಯ್ದೆಯೊಂದು ಬರುವವರೆಗೆ ಅಲ್ಲಿ ಮದುವೆಯನ್ನು ಕೋರ್ಟಿನಲ್ಲಿ ದಾಖಲಿಸಬೇಕೆಂಬ ಕಟ್ಟು ಇರಲಿಲ್ಲ. ಜನಗಣತಿಯಲ್ಲಿ 1850ಕ್ಕೆ ಮೊದಲು ಮನೆಯ ಯಜಮಾನನ ಹೆಸರು ಮಾತ್ರ. ಉಳಿದವರು ಬರೀ ವಯಸ್ಸಿನ ಸಾಲಿನಲ್ಲಿ ಒಂದು ಅಂಕಿ. ಯಜಮಾನನ ಹೆಂಡತಿಯಾಗಿದ್ದ ಪ್ಯಾಟಿ 55 ವರ್ಷದವರೆಗೆ ಸರ್ಕಾರದ ಲೆಕ್ಕದಲ್ಲಿ ಇಂಥ ಒಂದು ಅಂಕಿ ಅಷ್ಟೇ.

ಡೇವಿಡ್ 1850ರ ಆಗಸ್ಟ್‌ನಲ್ಲಿ ತೀರಿಕೊಂಡ. ಆ ವರ್ಷದ ಆರಂಭದಲ್ಲಷ್ಟೇ ಇನ್ನೊಂದು ಮದುವೆ ಮಾಡಿಕೊಂಡಿದ್ದ. 1851ರ ಡಿಸೆಂಬರ್‌ನಲ್ಲಿ ಪ್ಯಾಟಿ ವೇಲ್ಸ್ ಮೂಲದ ಜಾನ್ ಪ್ಯಾರಿಯನ್ನು ಮದುವೆಯಾದಳು. ಮುಂದೆ ಟ್ಯಾಬರ್ನಾಕಲ್ ಕಾಯಿರ್ ಎಂದು ಜಗತ್ತಿಗೆಲ್ಲ ಹೆಸರಾದ ಗಾಯನ ಮೇಳದ ಮೊದಲ ನಾಯಕ ಅವನು. 1854ರಲ್ಲಿ ಅವನೂ ಇನ್ನೊಬ್ಬಳನ್ನು ತಂದ. 1868ರಲ್ಲಿ ತೀರಿಕೊಂಡ. ಪ್ಯಾಟಿ ಹಣ್ಣಿನ ತೋಟ ಮಾಡಿದಳು, ದುಡಿದ ದುಡ್ಡಿನಲ್ಲಿ ಸಹಕಾರಿ ಅಂಗಡಿಯ ಷೇರು ಕೊಂಡಳು, ಬೌಂಟಿಫುಲ್ ಊರಿನಲ್ಲಿ 1883ರಲ್ಲಿ ತನ್ನ ಹೆಸರಿನ ಶಾಲೆ ಕಟ್ಟಿಸಿದಳು. ಬೌಂಟಿಫುಲ್‌ಗೆ ಮೊದಲು ಸೆಷನ್ಸ್ ಸೆಟಲ್‌ಮೆಂಟ್ ಎಂದೇ ಹೆಸರು, ಮಗ ಪೆರಿಗ್ರಿನ್ ನೆಲೆ ನಿಂತ ಜಾಗ ಅದು. 1892ರ ಡಿಸೆಂಬರ್ 14ರಂದು, 97ನೇ ವಯಸ್ಸಿನಲ್ಲಿ, ಪ್ಯಾಟಿ ಅಲ್ಲೇ ಕಣ್ಣು ಮುಚ್ಚಿದಳು.

ಮಾರ್ಮನ್ನರು ವಂಶಾವಳಿಗೆ ಯಾಕಿಷ್ಟು ಬೆಲೆ ಕೊಡುತ್ತಾರೆ ಎಂದು ನಿಮಗೆ ಅನ್ನಿಸಿರಬಹುದು. ಸತ್ತ ಹಿರಿಯರ ಪರವಾಗಿಯೂ ದೇವಾಲಯದಲ್ಲಿ ಸೀಲಿಂಗ್ ಮಾಡಿಸಬಹುದು ಎಂಬುದು ಅವರ ನಂಬಿಕೆ. ಅದಕ್ಕೆ ಹಿರಿಯರ ಹೆಸರು ಗೊತ್ತಿರಬೇಕಲ್ಲ. 1894ರಲ್ಲಿ ವಂಶಾವಳಿ ಸಂಘ ಕಟ್ಟಿದರು. 1938ರಿಂದ ಜಗತ್ತಿನ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡುತ್ತಾ ಬಂದರು. ನಮ್ಮ ಹರಿದ್ವಾರದ ಪಂಡಾಗಳು, ಅಂದರೆ ತೀರ್ಥಕ್ಷೇತ್ರದ ಪುರೋಹಿತರು, ಯಾತ್ರಿಕರ ವಂಶಾವಳಿ ಬರೆದಿಟ್ಟ ವಹಿಗಳನ್ನೂ ಚಿತ್ರೀಕರಿಸಿದ್ದಾರೆ. ಭಾರತದ ಮೊದಲ ಮಾರ್ಮನ್ ದೇವಾಲಯಕ್ಕೆ ಅವರು ಆರಿಸಿಕೊಂಡದ್ದು ನಮ್ಮ ಬೆಂಗಳೂರನ್ನು. 2018ರಲ್ಲಿ ಘೋಷಣೆ, 2020ರ ಡಿಸೆಂಬರ್‌ನಲ್ಲಿ ಗುದ್ದಲಿ ಪೂಜೆ ಆಯಿತು.

ಇನ್ನು ಕೆಲಸದ ಮಾತು. ಫ್ಯಾಮಿಲಿಸರ್ಚ್‌ನ ವಂಶವೃಕ್ಷ ಎಲ್ಲರದ್ದೂ. ಯಾರು ಬೇಕಾದರೂ ಬದಲಿಸಬಹುದು. ಅದಕ್ಕೇ ತಿದ್ದಬೇಡಿ ಎಂದು ಮೊದಲೇ ಹೇಳಿದ್ದು. ಹೆಸರಿನ ಕೆಳಗಿನ ಆಧಾರಗಳ ಪುಟ ತೆರೆದು, ಪ್ರತಿ ಸಂಬಂಧಕ್ಕೆ ಯಾವ ಕಾಗದ ಜೋಡಿಸಿದ್ದಾರೆ ನೋಡಿ. ಅದನ್ನು ಯಾರು ಬರೆದರು, ಘಟನೆ ನಡೆದ ಎಷ್ಟು ವರ್ಷದ ಮೇಲೆ ಬರೆದರು ಎಂದು ಕೇಳಿಕೊಳ್ಳಿ. ಚರ್ಚ್‌ನ ಇತಿಹಾಸ ವಿಭಾಗದ ಜಾಲತಾಣದಲ್ಲಿ, ರೈಲು ಬರುವ ಮೊದಲು, ಅಂದರೆ 1869ಕ್ಕೆ ಮುನ್ನ, ಬಯಲು ದಾಟಿ ಬಂದವರ ಪಟ್ಟಿ ತಂಡವಾರು ಸಿಗುತ್ತದೆ. ಪ್ಯಾಟಿ ಬಂದದ್ದು 1847ರ ಡೇನಿಯಲ್ ಸ್ಪೆನ್ಸರ್ ತಂಡದಲ್ಲಿ.

ಆಮೇಲೆ ನೆರೆಯವರನ್ನು ಒಂದೇ ಪ್ರಶ್ನೆ ಕೇಳಿ: ನಿಮ್ಮದು ಪ್ಯಾಟಿಯ ಯಾವ ಮಗುವಿನ ಸಾಲು? ಉತ್ತರ ಮೂರರಲ್ಲಿ ಒಂದೇ ಆಗಬೇಕು. ಸಿಲ್ವಿಯಾ ಸಾಲಾದರೆ ತಂದೆ ಯಾರು ನೋಡಿ. ಲಯನ್ 1849ರಲ್ಲಿ ಸತ್ತ ಮೇಲೆ ಆಕೆ ಎಜೆಕಿಯೆಲ್ ಕ್ಲಾರ್ಕ್‌ನನ್ನು ಮದುವೆಯಾಗಿದ್ದಳು, ಆ ಮಕ್ಕಳನ್ನೂ ಕರೆದುಕೊಂಡು 1854ರಲ್ಲಿ ಯೂಟಾಕ್ಕೆ ಬಂದಳು. ಪೆರಿಗ್ರಿನ್ ಸಾಲಾದರೆ ತಾಯಿ ಯಾರು ನೋಡಿ. ಅವನಿಗೆ ಹಲವು ಹೆಂಡತಿಯರು. ಅವರಲ್ಲಿ ಲೂಸಿನಾ ಕಾಲ್, ಮೇರಿ ಕಾಲ್ ಅಕ್ಕತಂಗಿಯರು, ಇಬ್ಬರನ್ನೂ 1845ರಲ್ಲಿ ಒಂದೇ ದಿನ ಮದುವೆಯಾದ. ಅವರಿಬ್ಬರ ಮಕ್ಕಳನ್ನು ಅದಲುಬದಲು ಮಾಡಿಬಿಡುವುದು ಬಹಳ ಸುಲಭ. ಅಲ್ಲಿ ಸಿಕ್ಕಿಹಾಕಿಕೊಂಡರೆ ಆ ಮಗುವಿನ ಹೆಸರು, ಹುಟ್ಟಿದ ಇಸವಿ, ಊರು ಬರೆದು ಕಳಿಸಿ, ಮುಂದಿನದನ್ನು ನೋಡೋಣ.